ಗೋಂದಣ್ಣನ ಸಾಹೇಬರು

ನಮ್ಮ ಬೈಂಡಿಂಗ್ ಅಂಗಡಿಯ ಗೋಂದಣ್ಣ ಹತ್ತೊಂಬತ್ತು ವರ್ಷ ಜೈಲಿನಲ್ಲಿದ್ದು ಬಂದವನು. ಬೆರಳಿಗೆ ಸದಾ ಗೋಂದು ಮೆತ್ತಿರುತ್ತಿದ್ದುದರಿಂದ ಆ ಹೆಸರು. ಪುಸ್ತಕ ಹೊಲಿಯುವುದನ್ನು ಜೈಲಿನಲ್ಲೇ ಕಲಿತಿದ್ದ. ಕೆಲಸದಲ್ಲಿ ಎತ್ತಿದ ಕೈ. ಆದರೆ ಬಾಗಿಲು ಮಾತ್ರ ತೆಗೆಯುತ್ತಿರಲಿಲ್ಲ. ಯಾರಾದರೂ ಬಂದು ತೆಗೆಯಲಿ ಎಂದು ಕೈಕಟ್ಟಿ ನಿಂತುಬಿಡುವನು. "ಚಿಲಕ ಹಾಕಿಲ್ಲಪ್ಪಾ, ತಳ್ಳು!" ಎಂದು ದಿನಾ ಗಂಟಲು ಹರಿದುಕೊಂಡು ನನಗೇ ಸಾಕಾಗಿತ್ತು.

ಒಂದು ದಿನ ಹಳೇ ನಿಘಂಟು ಹೊಲಿಸಲು ಬಂದ ಮುದುಕರೊಬ್ಬರು ಹೊರಗೆ ನಿಂತಿದ್ದ ಇವನನ್ನು ಕಂಡು, ಬಾಗಿಲು ತೆಗೆದು, ಇವನು ಒಳಗೆ ಹೋಗುವ ತನಕ ಹಿಡಿದೇ ನಿಂತರು. ಅವನ ಜೈಲಿನ ವಾರ್ಡರ್ ಅವರು. ನಿವೃತ್ತರಾಗಿ ಒಂಟಿಯಾಗಿದ್ದರು. ಅಂದಿನಿಂದ ದಿನಾ ಮಧ್ಯಾಹ್ನ ಬರತೊಡಗಿದರು. ಕಾಗದದ ಚೂರುಗಳ ರಾಶಿಯ ಪಕ್ಕ ಇಬ್ಬರೂ ಚಹಾ ಕುಡಿಯುತ್ತ ಕೂರುವರು. ಬೇರೆಯವರೆದುರು ತಲೆ ಎತ್ತದವನು ಅವರ ಹತ್ತಿರ ನಗುತ್ತಿದ್ದ. ನನಗೋ ಮೈ ಉರಿಯುತ್ತಿತ್ತು. ಬೀಗ ಹಾಕಿದವರ ಜೊತೆ ಅದೆಂಥ ಸ್ನೇಹ?

ಒಂದು ದಿನ ಅವನ ತಂಗಿ, ತನ್ನ ಮನೆಯಲ್ಲಿ ಕೋಣೆ ಸಿದ್ಧಮಾಡಿ, ಅವನನ್ನು ಕರೆದೊಯ್ಯಲು ಬಂದಳು. ಬಂದವಳು ವಾರ್ಡರನ್ನು ನೋಡಿ ಕೆಂಡವಾದಳು.

"ಅಮ್ಮ ಹೋದ ದಿನ ಗೇಟಲ್ಲಿ ಈ ಮನುಷ್ಯನ ಕೈಗೇ ಚೀಟಿ ಕೊಟ್ಟೆ ಅಣ್ಣಾ, ಕಾಲು ಹಿಡ್ಕೊಂಡೆ. ನಿನಗೆ ಕೊಡ್ಲೇ ಇಲ್ಲ. ಈಗ ಹೇಳು, ಇವರು ಬೇಕೋ, ನಾನು ಬೇಕೋ?"

ವಾರ್ಡರ್ ಮುಖ ಬಿಳಿಚಿಕೊಂಡಿತು. "ಹೌದಮ್ಮಾ. ಜೇಬಲ್ಲೇ ಇತ್ತು. ಹೇಳೋ ಧೈರ್ಯ ಬರ್ಲಿಲ್ಲ."

"ನಂಗೊತ್ತಿತ್ತು," ಎಂದ ಗೋಂದಣ್ಣ, ಸೂಜಿ ಕೆಳಗಿಟ್ಟು. "ಆ ವಾರವೆಲ್ಲ ಇವರು ನನ್ನ ಮುಖ ನೋಡ್ಲಿಲ್ಲ. ಅಮ್ಮ ಹೋಗಿದ್ದನ್ನ ಮುಚ್ಚಿಡ್ತಿದಾರೆ ಅಂತ ಆಗ್ಲೇ ತಿಳ್ಕೊಂಡೆ."

"ಗೊತ್ತಿದ್ದೂ?"

"ನಿನ್ನ ಲೆಕ್ಕಕ್ಕೆ ನಾನಿನ್ನೂ ಇಪ್ಪತ್ತೈದರ ಹುಡುಗ ಕಣಮ್ಮಾ. ನೀನು ಕೋಣೆ ಮಾಡಿರೋದು ಅವನಿಗೆ. ಆಮೇಲಿನ ನನ್ನನ್ನ ನೋಡಿರೋರು ಇವರೊಬ್ರೇ. ಇವರನ್ನೂ ಬಿಟ್ರೆ, ಅಷ್ಟು ವರ್ಷ ನಾನು ಬದುಕೇ ಇರ್ಲಿಲ್ಲ ಅಂತಾಗುತ್ತೆ."

ತಂಗಿ ಚೀಲ ಎತ್ತಿಕೊಂಡು ಬಾಗಿಲ ಕಡೆ ತಿರುಗಿದಳು.

"ಚೀಟೀಲಿ ಏನಿತ್ತು ಸಾಹೇಬ್ರೆ? ಈಗ್ಲಾದ್ರೂ ಹೇಳಿ," ಎಂದ ಗೋಂದಣ್ಣ.

ವಾರ್ಡರ್ ಕಣ್ಣು ಮುಚ್ಚಿ, ಚೀಟಿಯಲ್ಲಿದ್ದುದನ್ನು ಬಾಯಿಪಾಠದಂತೆ ಒಪ್ಪಿಸಿದರು. "ಅಣ್ಣಾ, ಬೆಳಿಗ್ಗೆ ಅಮ್ಮ ಹೋದ್ಲು. ನೀನು ಬರ್ತೀಯ ಅಂತ ಸುಳ್ಳು ಹೇಳಿದ್ದೆ. ನಂಬ್ಕೊಂಡೇ ಹೋದ್ಲು."

"ಹಾಗೇ ಬರೆದಿದ್ದೆ," ಎಂದಳು ತಂಗಿ. ಅಣ್ಣನ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅವನೂ ಅತ್ತ. ಸಂಜೆ ಅವಳು ಒಬ್ಬಳೇ ಮನೆಗೆ ಹೋದಳು.