ನನ್ನ ಬೆನ್ನ ಹಿಂದಿನ ಸದ್ದು

ಇದು ಶುರುವಾದದ್ದು ೧೯೯೮ರಲ್ಲೋ ೧೯೯೯ರಲ್ಲೋ. ನನ್ನ ಡೈರಿಯಲ್ಲಿ ತಿಂಗಳಿದೆ, ಇಸವಿ ಇಲ್ಲ. ಮಾತುಗಳನ್ನೂ ಎಷ್ಟೋ ದಿನದ ಮೇಲೆ ಬರೆದುಕೊಂಡೆ. ಒಂದೆರಡು ಪದ ನನ್ನವೇ ಸೇರಿರಬಹುದು. ಆಗ ನಾನು ತಿ. ನರಸೀಪುರದ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಎಂ.ಎ. ಮುಗಿಸಿದ ವರ್ಷ ಹಿಮಾಚಲಕ್ಕೆ ಹೋಗಿ ಹಿಮದ ಮೇಲೆ ಜಾರುವ ಸ್ಕೀಯಿಂಗ್ ಕಲಿತಿದ್ದೆ. ಕಬ್ಬು, ಭತ್ತದ ಊರಿನಲ್ಲಿ ಆ ವಿದ್ಯೆ ಯಾರಿಗೂ ಬೇಕಿರಲಿಲ್ಲ.

ಹೆಮ್ಮರಗಾಲದ ದಾಕ್ಷಾಯಿಣಿ ಸೋಸಲೆಯ ಸೋದರತ್ತೆಯ ಮನೆಯಲ್ಲಿದ್ದುಕೊಂಡು ನಮ್ಮ ಶಾಲೆಗೆ ಬರುತ್ತಿದ್ದಳು. ಬೆಳಕು ಮತ್ತು ದೊಡ್ಡ ಆಕಾರಗಳು, ಅವಳ ಕಣ್ಣಿಗೆ ಕಾಣುತ್ತಿದ್ದದ್ದು ಇಷ್ಟೇ. ಒಮ್ಮೆ ಹೊಳೆಯ ಮರಳಿನ ಮೇಲೆ ನಾನು "ಬಾ, ಬಾ" ಎನ್ನುತ್ತ ಮುಂದೆ ಓಡಿದೆ. ನಾನು ಹೇಗೆ ತಿರುಗಿದರೂ ಅವಳು ನನ್ನ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ಬಂದಳು. ಆಗಲೇ ಸ್ಕೀ ನೆನಪಾಯಿತು. ದೃಷ್ಟಿದೋಷವಿರುವವರ ಸ್ಪರ್ಧೆಯಲ್ಲಿ ಗೈಡ್ ಒಬ್ಬರು ಮುಂದೆ ಜಾರುತ್ತ ತಿರುವುಗಳನ್ನು ಕೂಗಿ ಹೇಳುತ್ತಾರೆ. ಇಳಿಜಾರಿನಲ್ಲಿ ನೆಟ್ಟ ಜೋಡಿ ಕಂಬಗಳಿಗೆ ಗೇಟ್ ಎನ್ನುತ್ತಾರೆ, ಅವುಗಳ ನಡುವೆಯೇ ಹಾದು ಇಳಿಯಬೇಕು. ಒಂದು ಗೇಟ್ ತಪ್ಪಿದರೂ ಆಟದಿಂದ ಹೊರಗೆ.

ನನ್ನ ತಮ್ಮ ಸುರೇಶ ಸೇನೆಯಲ್ಲಿ ಸ್ಕೀ ತರಬೇತುದಾರ. ಚಳಿಗಾಲದಲ್ಲಿ ರಜೆ ಹಾಕಿ ದಾಕ್ಷಾಯಿಣಿಯನ್ನು ಅವನಿದ್ದ ಊರಿಗೆ ಕರೆದೊಯ್ದೆ. ಮೊದಲ ಸಲ ಇಳಿಜಾರಿನ ತುದಿಯಲ್ಲಿ ನಿಂತಾಗ ಕೇಳಿದಳು, "ಮಿಸ್, ಇದು ಎಲ್ಲಿಗೆ ಮುಗೀತದೆ?"

"ಕೆಳಗೆ."

"ಕೆಳಗೆ ಅಂತ ಕಾಲಿಗೇ ಗೊತ್ತಾಯ್ತಾದೆ. ಎಲ್ಲಿ ನಿಂತ್ಕಬೇಕು ಅಂತ ಹೇಳಿ."

ಎರಡು ಚಳಿಗಾಲ ನಾನೇ ಗೈಡ್ ಆದೆ. ಎರಡೂ ಸಲ ದೇಶದ ತಂಡದ ಆಯ್ಕೆ ಕೆಲವೇ ಸೆಕೆಂಡಿನಲ್ಲಿ ತಪ್ಪಿತು. ನನ್ನ ಬೆನ್ನ ಹಿಂದೆ ಅವಳ ಸ್ಕೀ ಹಿಮವನ್ನು ಕರಕರ ಉಜ್ಜುವ ಸದ್ದು ಕೇಳುತ್ತಿತ್ತು. "ಯಾಕೆ ಹಾಗೆ ಎಳೀತೀಯ? ಕಾಲು ಸಡಿಲ ಬಿಡು" ಎಂದು ದಿನವೂ ಗದರುತ್ತಿದ್ದೆ. "ಸರಿ ಮಿಸ್" ಎನ್ನುತ್ತಿದ್ದಳು. ಮರುದಿನ ಮತ್ತೆ ಅದೇ ಸದ್ದು.

ಮೂರನೆಯ ವರ್ಷ ಹೊರಡುವಾಗ ಅವಳಪ್ಪ ಬಸ್ಸಿನ ಹತ್ತಿರ ಬಂದು, "ಈ ಸಲನೂ ಆಗ್ನಿಲ್ಲ ಅಂದ್ರೆ ಸಾಕು ಕಣ್ ಮಿಸ್ಸೂ. ಮನೇಲಿ ಇರ್ಲಿ" ಎಂದರು. ದಾಕ್ಷಾಯಿಣಿ ಬಸ್ಸು ಹತ್ತಿದಳು.

ಆಯ್ಕೆಗೆ ಎರಡು ದಿನವಿರುವಾಗ ನನ್ನ ಕಾಲು ಉಳುಕಿತು. ಸುರೇಶ ಗೈಡ್ ಆಗಿ ನಿಂತ. ಕೆಳಗೆ ಕುರ್ಚಿ ಹಾಕಿಕೊಂಡು ಕೂತ ನನಗೆ ಮೊದಲು ಅವನ ಕೂಗು ಕೇಳಿಸಿತು. ಆಮೇಲೆ ಇಬ್ಬರೂ ಕಂಡರು, ನಡುವೆ ಎರಡು ಮಾರು ಅಂತರ. ಕರಕರ ಸದ್ದೇ ಇಲ್ಲ. ಬಟ್ಟೆ ಹರಿದ ಹಾಗೆ ಒಂದು ತೆಳು ಸದ್ದು, ಗೇಟಿನಿಂದ ಗೇಟಿಗೆ. ಆ ವೇಗದಲ್ಲಿ ಇಳಿಯಲು ಎರಡು ಕಣ್ಣಿರುವ ನನಗೆ ಎಂದೂ ಧೈರ್ಯ ಬಂದಿರಲಿಲ್ಲ. ಗಡಿಯಾರ ನೋಡುವುದನ್ನೇ ಮರೆತೆ.

"ಇಷ್ಟು ದಿನ ಯಾಕೆ ಹೀಗೆ ಬರಲಿಲ್ಲ?" ಎಂದು ಕೇಳಿದೆ.

ದಾಕ್ಷಾಯಿಣಿ ಕೈಗವಸು ಬಿಚ್ಚುತ್ತ, "ನಿಮ್ ಬೆನ್ಗೆ ಬಂದು ಗುದ್ದಕ್ಕಾಯ್ತದಾ ಮಿಸ್? ನೀವು ನಿಧಾನಕ್ಕೆ ಓಯ್ತಿದ್ರಿ, ನಾನು ಬ್ರೇಕ್ ಆಕ್ತಿದ್ದೆ" ಎಂದಳು. ಇನ್ನೊಂದು ಕೈಗವಸನ್ನೂ ಬಿಚ್ಚಿ, "ಸುರೇಶಣ್ಣಂಗಾದ್ರೆ ಗುದ್ದುದ್ರೂ ಏನಾಗಲ್ಲ, ಗಟ್ಟಿ ಆಳು" ಎಂದು ನಕ್ಕಳು.

ಉಜ್ಜುತ್ತಿದ್ದದ್ದು ಬ್ರೇಕು. ಅವಳ ತಪ್ಪೆಂದು ನಾನು ಗದರಿದ್ದು ನನ್ನ ಹೆದರಿಕೆಯನ್ನು. ಮೇಷ್ಟರಿಗೆ "ನೀವು ನಿಧಾನ" ಎಂದು ಹೇಳಬಾರದೆಂದು ನಾವೇ ಮಕ್ಕಳಿಗೆ ಕಲಿಸಿದ್ದೇವೆ. ಅವಳು ಚೆನ್ನಾಗಿಯೇ ಕಲಿತಿದ್ದಳು.

ಆ ಸಲ ಆಯ್ಕೆಯಾದಳು. ಆರು ಚಳಿಗಾಲ ಸುರೇಶನ ಹಿಂದೆ ಸ್ಪರ್ಧಿಸಿದಳು, ಎರಡು ಸಲ ಹೊರದೇಶದಲ್ಲಿ. ಮಂಡಿ ಸೋತ ಮೇಲೆ ನಂಜನಗೂಡಿಗೆ ಬಂದು ಈಗ ಮಕ್ಕಳಿಗೆ ಓಟ ಕಲಿಸುತ್ತಾಳೆ. ನಾನೂ ನಿವೃತ್ತಿಯಾಗುವವರೆಗೆ ಯಾವ ಮಗುವನ್ನು ಗದರುವ ಮೊದಲೂ "ನನ್ನಿಂದ ಏನಾದರೂ ತೊಂದರೆಯಾ?" ಎಂದು ಕೇಳುವುದನ್ನು ರೂಢಿಸಿಕೊಂಡೆ. ಎಷ್ಟು ಮಕ್ಕಳು ನಿಜ ಹೇಳಿದರೋ ಗೊತ್ತಿಲ್ಲ.

ಆ ಎರಡು ಚಳಿಗಾಲವೂ ಸುರೇಶ ಕೆಳಗೆ ನಿಂತು ನಮ್ಮನ್ನು ನೋಡುತ್ತಿದ್ದ. ಬ್ರೇಕಿನ ಸದ್ದು ತರಬೇತುದಾರನಿಗೆ ತಿಳಿಯದೇ ಇರುತ್ತದೆಯೇ? ಹೋದ ತಿಂಗಳು ಅವನು ಮನೆಗೆ ಬಂದಾಗ ಕೇಳಿಯೇಬಿಟ್ಟೆ: "ಅವಳು ನನಗೋಸ್ಕರ ತಡೀತಿದ್ದಾಳೆ ಅಂತ ನಿನಗೆ ಮೊದಲೇ ಗೊತ್ತಿತ್ತೇನೋ?"

"ಕಾಫಿ ಆರೋಯ್ತದೆ, ಕುಡಿ ಅಕ್ಕ" ಎಂದ.