ಕರೆಯದೆ ಒಳಗೆ ಬಾರದವರು

ಹಳೆಯ ವಾಲ್ವ್ ರೇಡಿಯೊ ಬಿಸಿಯಾದಾಗ ಒಳಗಿನ ಧೂಳು ಸುಟ್ಟ ವಾಸನೆ ಬರುತ್ತದೆ. ಮಾಗಡಿ ರಸ್ತೆಯಲ್ಲಿರುವ ನನ್ನ ಹಳೆ ಸಾಮಾನಿನ ಅಂಗಡಿಗೆ ಮೊನ್ನೆ ಅಂಥದ್ದೊಂದು ಬಂತು. ವಸ್ತು ಎಷ್ಟೇ ಇಷ್ಟವಾದರೂ ಮುಖದಲ್ಲಿ ತೋರಿಸಬಾರದು. ಈ ಕಸುಬಿನಲ್ಲಿ ನಾನು ಕಲಿತ ಮೊದಲ ಪಾಠ ಅದು, ನಿಮಗೂ ನೆನಪಿರಲಿ. ಅವತ್ತು ಮಾತ್ರ ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಮಾರುವವನು ಹೇಳಿದ ರೇಟಿಗೇ ತಲೆಯಾಡಿಸಿಬಿಟ್ಟೆ.

ನಾನು ಚಿಕ್ಕವಳಿದ್ದಾಗ ರಾಜಾಜಿನಗರದ ನಮ್ಮ ಮನೆಯಲ್ಲಿ ಭಾನುವಾರದ ಸಂಜೆ ದೀಪ ಹಚ್ಚುವ ಹೊತ್ತಿಗೆ ಈ ವಾಸನೆ ಹರಡುತ್ತಿತ್ತು. ಆಗ ಶುರುವಾಗುತ್ತಿದ್ದದ್ದು ಸತ್ತ ಮೇಲೂ ಎದ್ದು ಬಂದು ಬದುಕಿರುವವರ ರಕ್ತ ಹೀರುವ ಪಿಶಾಚಿಗಳ ಕಥೆಗಳು, ಇಪ್ಪತ್ತನೇ ಶತಮಾನದ ಪರದೇಶದ ಕಥೆಗಳು. ಯಾರೋ ಒಬ್ಬರು ಅವನ್ನು ಕನ್ನಡಕ್ಕೆ ತಂದು, ದನಿ ತಗ್ಗಿಸಿ, ನಿಧಾನವಾಗಿ ರೇಡಿಯೊದಲ್ಲಿ ಓದುತ್ತಿದ್ದರು. ಅಪ್ಪ ಫ್ಯಾಕ್ಟರಿಯ ಪಾಳಿಯಲ್ಲಿ, ಅಮ್ಮ ಒಲೆಯ ಮುಂದೆ. ಚಾಪೆಯ ಮೇಲೆ ನಾನು, ಅಜ್ಜಿ, ಅಪ್ಪನ ತಂಗಿ ಗಿರಿಜತ್ತೆ. ನಾನು ಅತ್ತೆಯ ಸೆರಗಿನೊಳಗೆ ಮುಖ ಹುದುಗಿಸಿದರೆ, ಹಣೆ ತುಂಬ ವಿಭೂತಿ ಹಚ್ಚಿದ ಅಜ್ಜಿ ನಗುತ್ತಿದ್ದಳು. "ಮನೆಯವ್ರು ಕರೀದೆ ಹೊಸ್ತಿಲು ದಾಟಲ್ವಂತೆ ಕಣೇ. ಎಂಥಾ ಮರ್ಯಾದಸ್ಥ ಪಿಶಾಚಿ!"

ಗಿರಿಜತ್ತೆಯನ್ನು ನೋಡಲು ಗಂಡಿನ ಕಡೆಯವರು ಬರುತ್ತೇವೆಂದದ್ದು ಅಂಥದೊಂದು ಭಾನುವಾರವೇ. ಅಜ್ಜಿಯ ಹೆಸರಿನಲ್ಲಿದ್ದ ಆ ಮನೆಯಲ್ಲಿ ಅರ್ಧವನ್ನು ಹುಡುಗನ ಹೆಸರಿಗೆ ಬರೆಸಬೇಕೆಂಬುದು ಅವರ ಮನಸ್ಸಿನಲ್ಲಿದೆ ಎಂದು ಮದುವೆ ದಲ್ಲಾಳಿ ಮೊದಲೇ ಪಿಸುಗುಟ್ಟಿ ಹೋಗಿದ್ದ. ಮಧ್ಯಾಹ್ನ ಬರಬೇಕಿದ್ದವರ ಸುಳಿವಿರಲಿಲ್ಲ. ಅತ್ತೆ ಉಟ್ಟ ರೇಷ್ಮೆಸೀರೆ ಬಿಚ್ಚದೆ, ಮುಡಿದ ಮಲ್ಲಿಗೆ ಬಾಡುತ್ತಿದ್ದರೂ ತೆಗೆಯದೆ ಕೂತಿದ್ದಳು. ಕೊನೆಗೆ ಅಜ್ಜಿಯೇ ರೇಡಿಯೊ ಹಾಕಿದಳು. ಕಥೆಯಲ್ಲಿ ಮನೆಯೊಡತಿ ಬಾಗಿಲು ತೆರೆದಳು. ಬಿಳಿಚಿದ ಮುಖದ ಅತಿಥಿ ಹೊರಗೆ ನಿಂತು ಅವಳ ಒಂದು ಮಾತಿಗಾಗಿ ಕಾಯುತ್ತಿದ್ದ. ಆಗಲೇ ನಮ್ಮ ಗೇಟು ಕಿರುಗುಟ್ಟಿತು.

ನಮ್ಮ ಕಡೆ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ "ಬನ್ನಿ, ಬನ್ನಿ" ಎನ್ನಬೇಕು, ಕಾಲಿಗೆ ನೀರು ಕೊಡಬೇಕು. ಅವತ್ತು ಅಜ್ಜಿ ಎರಡು ಕೈಯನ್ನೂ ಬಾಗಿಲವಾಡಕ್ಕೆ ಆನಿಸಿ ನಿಂತುಬಿಟ್ಟಳು. ಹುಡುಗನ ತಾಯಿ ಸ್ವಲ್ಪ ಹೊತ್ತು ಕಾದು, "ಏನಮ್ಮಾ, ಒಳಗೆ ಕರಿಯಲ್ವಾ?" ಎಂದರು.

"ಕರೀತೀನಿ. ಮೊದ್ಲು ಹೇಳಿ, ಮಗಳನ್ನ ಕೇಳೋಕೆ ಬಂದಿದ್ದೀರೋ, ಮನೆ ಕೇಳೋಕೋ?"

"ಬಾಗಿಲಲ್ಲಿ ನಿಲ್ಲಿಸಿ ಕೇಳೋ ಮಾತಾ ಇದು?" ಹುಡುಗನ ತಂದೆಯ ದನಿ ಏರಿತು.

"ಒಳಗೆ ಬಂದು ಕೂತು ನೀರು ಕುಡಿದ್ಮೇಲೆ ನನ್ನ ಬಾಯಲ್ಲಿ ಇಲ್ಲ ಅನ್ನೋ ಮಾತು ಬರಲ್ಲ, ಯಜಮಾನ್ರೇ. ಅದಕ್ಕೇ ಇಲ್ಲೇ ಕೇಳ್ತಾ ಇದೀನಿ."

ಒಳಗೆ ರೇಡಿಯೊದವರು ಓದುತ್ತಲೇ ಇದ್ದರು. ಕಿಟಕಿಯ ಪರದೆಯ ಹಿಂದೆ ಅತ್ತೆ ನನ್ನ ಭುಜ ಹಿಡಿದಿದ್ದಳು. ಅವಳ ಉಗುರು ನನ್ನ ಲಂಗದ ರವಿಕೆ ದಾಟಿ ಚರ್ಮಕ್ಕೆ ಇಳಿಯುತ್ತಿತ್ತು. ಅವಳ ಕಣ್ಣು ಅಜ್ಜಿಯ ಮೇಲಿರಲಿಲ್ಲ, ಹುಡುಗನ ಮೇಲಿತ್ತು. ಮನೆ ಬೇಡ ಎಂದು ಅವನೊಬ್ಬ ಅಂದಿದ್ದರೆ ಸಾಕಿತ್ತು. ಅವನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ. "ನಡಿಯೋ," ಎಂದರು ತಾಯಿ. ಅವನು ನಡೆದ.

ಚೌಕಾಸಿ ಏನಿದ್ದರೂ ಹೊಸ್ತಿಲಾಚೆಯೇ ಮುಗಿಯಬೇಕು ಎಂದು ನಾನು ಇವತ್ತಿಗೂ ಅಂಗಡಿಯ ಹುಡುಗರಿಗೆ ಹೇಳುತ್ತೇನೆ. ಆದರೆ ಬಾಗಿಲಲ್ಲೇ ಬೀಗರನ್ನು ನಿಲ್ಲಿಸಿದ ಮನೆ ಎಂಬ ಸುದ್ದಿ ಬಸವೇಶ್ವರನಗರದಾಚೆಗೂ ಹಬ್ಬಿತು. ಮತ್ತೆ ಯಾರೂ ಅತ್ತೆಯನ್ನು ನೋಡಲು ಬರಲಿಲ್ಲ. ಬಂದ ನೆಂಟರಿಗೆಲ್ಲ ಅಜ್ಜಿ ಈ ಕಥೆಯನ್ನು ಕೈಬಾಯಿ ತಿರುಗಿಸಿ ಹೇಳುತ್ತಿದ್ದಳು. ಕಾಫಿಲೋಟ ಹಿಡಿದು ಬಂದ ಅತ್ತೆಯೂ ಅವರ ಜೊತೆ ನಗುತ್ತಿದ್ದಳು.

ಅಜ್ಜಿ ಹೋದಳು. ಆ ಮನೆಯೂ ಹೋಯಿತು. ಅಲ್ಲೀಗ ಬಾಡಿಗೆ ಮನೆಗಳ ನಾಲ್ಕಂತಸ್ತು. ಅತ್ತೆ ಕೊನೆಯ ವರ್ಷಗಳನ್ನು ಕೆಂಗೇರಿಯಲ್ಲಿ ನನ್ನ ಜೊತೆ ಕಳೆದಳು. ಒಂದು ಮಧ್ಯಾಹ್ನ ಸೊಪ್ಪು ಬಿಡಿಸುತ್ತಾ ಕೇಳಿದೆ, "ಅತ್ತೆ, ಅವತ್ತು ಅಜ್ಜಿ ಮಾಡಿದ್ದು ಸರಿ ತಾನೆ?"

"ಸರೀನೇ," ಎಂದಳು. ಬಹಳ ಹೊತ್ತು ಸೊಪ್ಪು ಬಿಡಿಸಿದಳು. ನಾನು ಆ ಮಾತು ಮರೆತು ಎದ್ದಾಗ, ನನ್ನ ಮುಖ ನೋಡದೆ ಅಂದಳು:

"ಹುಡುಗ ಚೆನ್ನಾಗಿದ್ದ ಕಣೇ."