ಈರುಳ್ಳಿ ಹೆಚ್ಚುವವನ ಫೋಟೋ

ಬಂದರಿನ ಹಿಂದಿನ ಓಣಿಯಲ್ಲಿ ಅವಳದೊಂದು ಸಣ್ಣ ಸ್ಟುಡಿಯೋ. ಎಲ್ಲರ ಬಾಯಲ್ಲೂ ಅವಳು ಸ್ಟುಡಿಯೋ ಅಕ್ಕ. ಅಳುವ ಕೂಸನ್ನು ನಗಿಸಿ, ಸೆಟೆದು ನಿಂತ ಮದುಮಗನ ಭುಜ ಸಡಿಲಿಸಿ, ಅರ್ಧ ಊರಿನ ಮುಖಗಳನ್ನು ಹಿಡಿದಿಟ್ಟವಳು. ಗಂಡನದೊಂದು ಒಳ್ಳೆಯ ಫೋಟೋ ಮಾತ್ರ ಅವಳ ಬಳಿ ಇರಲಿಲ್ಲ. ಅವನು ಸರಕು ಹಡಗಿನಲ್ಲಿ ಅಡುಗೆಯವನು. ಹೋದರೆ ತಿಂಗಳುಗಟ್ಟಲೆ ಪತ್ತೆಯಿಲ್ಲ.

“ಊರೋರ ಮುಖವೆಲ್ಲ ನಿನ್ನ ಗೋಡೆ ಮೇಲಿದೆ. ನನ್ನ ಮಗಂದು ಪಾಸ್‌ಪೋರ್ಟಲ್ಲಿ ಮಾತ್ರ,” ಎಂದು ಅತ್ತೆ ಚುಚ್ಚುತ್ತಿದ್ದರು.

ಸ್ಟುಡಿಯೋ ದೀಪಗಳ ಕೆಳಗೆ ಕೂರಿಸಿದರೆ ಅವನು ಪೊಲೀಸರ ಮುಂದೆ ನಿಂತವನಂತೆ ಮುಖ ಮಾಡುತ್ತಿದ್ದ. ಅವನು ಅವನಾಗಿರುತ್ತಿದ್ದುದು ಮನೆಯ ಇಕ್ಕಟ್ಟಾದ ಅಡುಗೆಮನೆಯಲ್ಲಿ, ಸಂಜೆಯ ಮಬ್ಬಿನಲ್ಲಿ. ಅಲ್ಲಿ ಫ್ಲ್ಯಾಶ್ ಹಾಕಿದರೆ ಮುಖಕ್ಕೆ ಸುಣ್ಣ ಬಳಿದಂತೆ. ಹಾಕದಿದ್ದರೆ ಕೈ ಅಲುಗಿ ಎಲ್ಲ ಕಲಸುಮೇಲೋಗರ. ಕ್ಯಾಮೆರಾ ಸ್ಟ್ಯಾಂಡ್ ಇಡಲು ಜಾಗವಿಲ್ಲ.

ಈ ಸಲ ಅವನು ರಜೆಗೆ ಬರುವ ಮೊದಲೇ ಅವಳು ಕೈನಡುಕವನ್ನು ತಾನೇ ಸರಿದೂಗಿಸುವ ಲೆನ್ಸೊಂದನ್ನು ಕೊಂಡಿದ್ದಳು. ರಜೆ ಮುಗಿದು ಹೊರಡುವ ಹಿಂದಿನ ಸಂಜೆ ಅವನು ಕಿಟಕಿ ಬಳಿ ಈರುಳ್ಳಿ ಹೆಚ್ಚುತ್ತಿದ್ದಾಗ, ಹೊಸ ಲೆನ್ಸಿನ ಗುಣ ಹೇಳುತ್ತಾ ಕ್ಯಾಮೆರಾ ಎತ್ತಿದಳು.

“ಕೈ ನಡುಗುತ್ತೆ ಅಂತ ಲೆನ್ಸಾ? ಇಷ್ಟು ಬೇಗ ಮುದುಕಿ ಆದ್ಯಾ?”

“ಎಲ್ಲರ ಕೈಯೂ ನಡುಗುತ್ತೆ ರೀ. ಉಸಿರಾಡ್ತೀವಲ್ಲ, ಅದಕ್ಕೇ.”

ಬಾಗಿಲ ಚೌಕಟ್ಟಿಗೆ ಭುಜ ಒರಗಿಸಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಗುಂಡಿಯನ್ನು ಅರ್ಧ ಅದುಮಿದಳು. ಲೆನ್ಸ್ ಒಳಗೆ ಸಣ್ಣಗೆ ಗುಂಯ್‌ಗುಟ್ಟಿತು. ತೂಗಾಡುತ್ತಿದ್ದ ದೃಶ್ಯ ಸ್ಥಿರವಾಯಿತು. ಅರ್ಧ ಉಸಿರು ಬಿಟ್ಟು ಪೂರ್ತಿ ಒತ್ತಿದಳು. ಬಂದ ಫೋಟೋದಲ್ಲಿ ಅವನ ಹಿಂದಿನ ಡಬ್ಬಿಗಳ ಮೇಲಿನ ಅಕ್ಷರವನ್ನೂ ಓದಬಹುದಿತ್ತು. ಅವನ ಕೈ, ಮುಖ ಮಾತ್ರ ಮಸುಕು ಮಸುಕು.

“ಇದು ನನ್ನ ಕೈ ಹಿಡಿಯುತ್ತೆ, ನಿಮ್ಮನ್ನ ಹಿಡಿಯೋಕಾಗಲ್ಲ. ಒಂದು ಗಳಿಗೆ ಅಲ್ಲಾಡಬೇಡಿ.”

“ಹಡಗಲ್ಲಿ ನೆಲಾನೇ ಅಲ್ಲಾಡುತ್ತೆ ಕಣೇ. ಸುಮ್ನೆ ನಿಲ್ಲೋದು ಹೇಗೆ ಅಂತ ಮರ್ತೇಹೋಗಿದೆ.”

ಆದರೂ ಚಾಕು ಕೆಳಗಿಟ್ಟ. ತಮಾಷೆಗೆ ಇನ್ನೇನೋ ಹೇಳಲು ಬಾಯಿ ತೆರೆದವನು, ಹೇಳದೆ ಅವಳತ್ತ ನೋಡಿದ. ಅವಳು ಒತ್ತಿದಳು.

ಅವನು ಹೋದ ಮೇಲೆ ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. ರೆಪ್ಪೆಗೂದಲೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಈರುಳ್ಳಿಯ ಘಾಟಿಗೋ ಏನೋ, ಕಣ್ಣಂಚು ಒದ್ದೆಯಾಗಿತ್ತು. ಹೊರಡಲು ಮನಸ್ಸಿಲ್ಲದ ಮುಖ ಅದು. ಬಾಯಿಬಿಟ್ಟು ಅವನು ಒಮ್ಮೆಯೂ ಹಾಗೆಂದವನಲ್ಲ. ನೋಡಲಾರದೆ ಮುಚ್ಚಿದಳು, ನೋಡದಿರಲಾರದೆ ಮತ್ತೆ ತೆರೆದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಯಾವುದೋ ಬಂದರಿನಿಂದ ಅವನ ಫೋನು ಬಂತು.

“ರಜೆ ಮುಂದಕ್ಕೆ ಹೋಯ್ತು ಕಣೇ. ಬದಲಿ ಅಡುಗೆಯವನು ಸಿಗ್ಲಿಲ್ವಂತೆ.”

ಅವಳಿಗೆ ಆ ಫೋಟೋದ ಮುಖ ನೆನಪಾಯಿತು. ಕೇಳಿಯೇಬಿಟ್ಟಳು, “ಹೋದ್ಸಲ ನಿಮಗೆ ಹೋಗೋಕೆ ಇಷ್ಟ ಇರ್ಲಿಲ್ಲ, ಅಲ್ವಾ?”

“ಯಾವತ್ತೂ ಇರೋಲ್ಲ,” ಎಂದ ಅವನು. “ಈಗ ಅದನ್ನೆಲ್ಲ ಹೇಳಿ ಏನು ಪ್ರಯೋಜನ?”

ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

“ಪ್ರಯೋಜನ ಇದೆ. ಹೇಳ್ತಾ ಇರಿ.”